ಭೈರವಕುಂಡಕ್ಕೆ ಹೋದವಳು

ಗೋಸಾಯಿಕುಂಡಕ್ಕೆ ಹೋಗುವ ಯೋಚನೆ ಮೊದಲು ಬಂದದ್ದು ಯತೀಶನಿಗೆ. 2007ರ ಈಸ್ಟರ್ ರಜೆ. ಕೃಪಾ ಮತ್ತು ಅವಳ ಗಂಡ ಕೌಶಿಕ್ ಸಿಡ್ನಿಯಿಂದ ಮೆಲ್ಬರ್ನ್‌ಗೆ, ಡ್ಯಾಂಡಿನಾಂಗ್‌ನಲ್ಲಿದ್ದ ಯತೀಶನ ಮನೆಗೆ ಬಂದಿದ್ದರು. ಯತೀಶ್ ಕೌಶಿಕನ ತಮ್ಮ, ಇನ್ನೂ ಮದುವೆಯಾಗಿರಲಿಲ್ಲ. ಹಿಂದಿನ ವರ್ಷ ತಂದೆ ಮರಿಯಪ್ಪ ಅದೇ ಮನೆಯಲ್ಲಿ ತೀರಿಕೊಂಡಿದ್ದರು. ತಾಯಿ ಕಾಳಮ್ಮ ಕಿರಿಮಗನ ಜೊತೆಯಲ್ಲೇ ಉಳಿದಿದ್ದರು.

ಊಟದ ಟೇಬಲ್ಲಿನ ಮೇಲೆ ಯತೀಶ್ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಕಠ್ಮಂಡುವಿನಿಂದ ಉತ್ತರಕ್ಕೆ, ಮರಗಳೆಲ್ಲ ಹಿಂದೆ ಉಳಿದುಬಿಡುವಷ್ಟು ಎತ್ತರದಲ್ಲಿ, ಬೋಳು ಬೆಟ್ಟಗಳ ಮಡಿಲಲ್ಲೊಂದು ಸರೋವರ. ಹಾಲಾಹಲ ಕುಡಿದ ಶಿವ ಗಂಟಲುರಿ ತಾಳಲಾರದೆ ತ್ರಿಶೂಲದಿಂದ ಬಂಡೆ ಸೀಳಿ ನೀರು ಬರಿಸಿದ ಜಾಗವಂತೆ.

"ಇದೊಂದೇ ಅಲ್ಲ, ಸುತ್ತ ಇನ್ನೂ ಎಷ್ಟೋ ಕುಂಡ ಇವೆ. ಇದು ನೋಡಮ್ಮ, ಇದರ ಹೆಸರೇನು ಗೊತ್ತಾ? ಭೈರವಕುಂಡ."

ಭೈರವ ಅವರ ಮನೆದೇವರು. ಕಾಳಮ್ಮ ಕನ್ನಡಕ ಏರಿಸಿಕೊಂಡು ಸ್ಕ್ರೀನಿನ ಹತ್ತಿರ ಬಗ್ಗಿದರು. "ನಮ್ಮಪ್ಪ ಅಲ್ಲೂ ಅವ್ನಾ? ಅಷ್ಟ್ ದೂರ ಹೋಗಿ ಕುಂತವ್ನಾ?" ಎಂದರು. ಮರಿಯಪ್ಪ ಹೋದ ಮೇಲೆ ಅವರು ಹಾಗೆ ನಕ್ಕಿದ್ದನ್ನು ಯಾರೂ ನೋಡಿರಲಿಲ್ಲ. "ಹೋಗ್ಬನ್ನಿ ಮಕ್ಳಾ. ನಿಮ್ಮಪ್ಪನ ಹೆಸ್ರಲ್ಲಿ ಒಂದು ದೀಪ ಹಚ್ಬುಟ್ಟು ಬನ್ನಿ."

ಮಾತು ಅಲ್ಲಿಗೆ ನಿಕ್ಕಿಯಾಯಿತು. ಅಕ್ಟೋಬರ್‌ಗೆ ಮೂವರ ಟಿಕೆಟ್ ಬುಕ್ ಮಾಡಿದರು. ಚಿಕ್ಕ ಟ್ರೆಕ್, ಹತ್ತುವುದಕ್ಕೆ ಮೂರು ದಿನ, ಇಳಿಯುವುದಕ್ಕೆ ಎರಡು. ಯತೀಶ್ ಮ್ಯಾರಥಾನ್ ಓಡುವವನು, ಅವನಿಗೆ ಇದೊಂದು ಲೆಕ್ಕವಲ್ಲ. ಕೌಶಿಕನದು ಚಾಟ್ಸ್‌ವುಡ್‌ನ ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಅವನು ಕೃಪಾಳನ್ನು ಹೊರಡಿಸಿಕೊಂಡು ಶನಿವಾರಗಳಂದು ಬ್ಲೂ ಮೌಂಟನ್ಸ್‌ಗೆ ಹೋಗಿ ಮೆಟ್ಟಿಲು ಹತ್ತಿ ಇಳಿಯತೊಡಗಿದ. ಸಿಡ್ನಿಯ ಟೂಂಗಾಬಿಯಲ್ಲಿದ್ದ ತಮ್ಮ ಮನೆಗೆ ವಾಪಸು ಬಂದು ಮಂಡಿಗೆ ಐಸ್ ಇಟ್ಟುಕೊಂಡು, "ಮ್ಯಾನೇಜ್ ಮಾಡ್ತೀನಿ ಬಿಡು," ಎನ್ನುತ್ತಿದ್ದ.

ಹೊರಡುವ ಹಿಂದಿನ ವಾರ ಯತೀಶ್ ಫೋನ್ ಮಾಡಿದ. ಅವನ ಪ್ರಾಜೆಕ್ಟಿನ ರಿಲೀಸ್ ಮುಂದಕ್ಕೆ ಹೋಗಿ ಸರಿಯಾಗಿ ಅದೇ ವಾರಕ್ಕೆ ಬಂದು ಕೂತಿತ್ತು. "ಸಾರಿ ಅಣ್ಣ, ನನಗೆ ರಜೆ ಕ್ಯಾನ್ಸಲ್ ಮಾಡಿದ್ರು. ನೀವಿಬ್ಬರೂ ಹೋಗಿಬನ್ನಿ. ನಾನು ಇನ್ನೊಂದು ಸಲ ಹೋದರಾಯಿತು."

"ನಾವೂ ಮುಂದಿನ ವರ್ಷಕ್ಕೆ ಹಾಕ್ಕೊಳ್ಳೋಣ್ವಾ?" ಎಂದು ಕೃಪಾ ಕೇಳಿದಳು. ಕೌಶಿಕನಿಗೆ ನೆಗಡಿ ಬೇರೆ ಹಿಡಿದಿತ್ತು. "ಅಮ್ಮ ಆಗಲೇ ಬತ್ತಿ ಹೊಸೆದು ಕೊರಿಯರ್ ಮಾಡಿಸಿದಾರೆ ಕಣೇ," ಎಂದು ಅವನು ನಕ್ಕುಬಿಟ್ಟ.

ಕಠ್ಮಂಡುವಿನಿಂದ ಧುಂಚೆಗೆ ಇಡೀ ದಿನದ ಬಸ್ಸು. ಅಲ್ಲಿಂದ ಮುಂದೆ ನಡಿಗೆ. ಜೊತೆಗೆ ದಾವಾ ಎಂಬ ತಮಾಂಗ್ ಜನಾಂಗದ ಗೈಡ್ ಒಬ್ಬ ಇದ್ದ. ಮೊದಲ ದಿನ ಪೈನ್ ಕಾಡಿನ ಏರು. ಸಂಜೆ ಚಂದನಬಾರಿಯ ಲಾಡ್ಜಿನಲ್ಲಿ ಕೌಶಿಕ್ ಊಟ ಮಾಡಲಿಲ್ಲ. ತಲೆ ಸ್ವಲ್ಪ ಭಾರವಾಗಿದೆ ಎಂದ. ಕೃಪಾ ಬ್ಲ್ಯಾಕ್‌ಟೌನ್‌ನ ವೃದ್ಧರ ಕೇರ್ ಹೋಮ್‌ನಲ್ಲಿ ನರ್ಸ್. ನಾಡಿ ನೋಡಿದಳು, ನೀರು ಕುಡಿಸಿದಳು, ಎತ್ತರಕ್ಕೆ ಹೀಗಾಗುತ್ತದೆ, ಕೆಳಗೆ ಹೋದರೆ ಸರಿಹೋಗುತ್ತದೆ, ಹೋಗದಿದ್ದರೆ ಇಲ್ಲೇ ಒಂದು ದಿನ ಉಳಿಯೋಣ ಎಂದಳು. ಬೆಳಿಗ್ಗೆ ಅವನೇ ಮೊದಲೆದ್ದು ಶೂ ಕಟ್ಟಿಕೊಂಡು ಹೊರಗೆ ನಿಂತಿದ್ದ. ತಲೆನೋವು ಹೋಯಿತೆಂದ. ಹೋಗಿರಲಿಲ್ಲ ಎನ್ನುವುದು ಅವಳಿಗೆ ಮಾರನೆಯ ದಿನ ಲೌರಿಬಿನಾದಲ್ಲಿ ಗೊತ್ತಾಯಿತು.

ಲೌರಿಬಿನಾ ಬಯಲು ಬೆಟ್ಟದ ನೆತ್ತಿ. ಅಲ್ಲಿ ಬೆಳಕು ಹರಿಯುವ ಹೊತ್ತಿಗೆ ಕೌಶಿಕ್ ಲಾಡ್ಜಿನ ಹಿಂದೆ ಬಗ್ಗಿ ವಾಂತಿ ಮಾಡುತ್ತಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ದಾವಾ ನೋಡಿದವನೇ ಹಿಂದಿಯಲ್ಲಿ, ಸಾಬ್ ಇನ್ನು ಮೇಲೆ ಹೋಗಬಾರದು, ಈಗಲೇ ಕೆಳಗಿಳಿಯಬೇಕು ಎಂದ. ಕೃಪಾಳೂ ಅದನ್ನೇ ಹೇಳಲು ಬಾಯಿ ತೆರೆದಿದ್ದಳು.

"ಸರಿ, ಇಳೀತೀನಿ," ಎಂದ ಕೌಶಿಕ್. "ದಾವಾ ನನ್ನ ಕರ್ಕೊಂಡು ಹೋಗ್ಲಿ. ನೀನು ಮೇಲೆ ಹೋಗಿ ಬಾ."

"ಹುಚ್ಚಾ ನಿಂಗೆ? ನಾನೂ ಬರ್ತೀನಿ."

"ಕೃಪಾ, ಲಿಸನ್. ಕೆಳಗೆ ಹೋದ್ರೆ ಸರಿಹೋಗುತ್ತೆ ಅಂತ ನೀನೇ ತಾನೇ ಹೇಳಿದ್ದು? ಕುಂಡಕ್ಕೆ ಇಲ್ಲಿಂದ ಮೂರು ಗಂಟೆ ಅಷ್ಟೆ. ಅವರು ಹೊರಟಿದಾರೆ ನೋಡು, ಅವರ ಜೊತೆ ಹೋಗು." ಲಾಡ್ಜಿನ ಮುಂದೆ ಪುಣೆಯಿಂದ ಬಂದಿದ್ದ ಐದಾರು ಜನರ ಗುಂಪೊಂದು ಚೀಲ ಏರಿಸಿಕೊಳ್ಳುತ್ತಿತ್ತು. "ಇಬ್ಬರೂ ಹೋಗ್ಲಿಲ್ಲ ಅಂದ್ರೆ ಅಮ್ಮಂಗೆ ಏನಂತ ಹೇಳ್ಲಿ? ಸಂಜೆ ಚಂದನಬಾರಿಯಲ್ಲಿ ಸಿಗೋಣ. ನಾನು ಹಾಯಾಗಿ ಮಲಗಿರ್ತೀನಿ."

ಅವಳು ನಿಂತೇ ಇದ್ದಳು. ಅವನು ಬತ್ತಿಯ ಪೊಟ್ಟಣವನ್ನು ಅವಳ ಜಾಕೆಟ್ಟಿನ ಜೇಬಿಗೆ ತುರುಕಿ, ದಾವಾನ ತೋಳು ಹಿಡಿದು ಇಳಿಯತೊಡಗಿದ. ನೆಟ್ಟಗೇ ನಡೆಯುತ್ತಿದ್ದ. ತಿರುವಿನಲ್ಲಿ ಒಮ್ಮೆ ಕೈ ಎತ್ತಿದ. ಅವನು ಮರೆಯಾಗುವ ತನಕ ನೋಡುತ್ತಿದ್ದು, ಆಮೇಲೆ ಅವಳು ಮೇಲಿನ ದಾರಿ ಹಿಡಿದಳು.

ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ನಡುವೆ ಕಿರಿದಾದ ದಾರಿ. ಸಾಕಷ್ಟು ಹೊತ್ತು ಉಸಿರೆಳೆದುಕೊಂಡು ನಡೆದ ಮೇಲೆ ಕೆಳಗೆ ಮೊದಲ ಕೆರೆ ಕಾಣಿಸಿತು. ಇನ್ನಷ್ಟು ಮುಂದೆ ಎರಡನೆಯದು. ಭೈರವಕುಂಡ ಎಂದು ಯಾರೋ ಕೂಗಿದರು. ನೀರು ಕಪ್ಪಗೆ, ಅಲುಗದೆ ಇತ್ತು. ಕಲ್ಲುಗಳ ಸಂದಿಯಲ್ಲಿ ಕೂತು ಮಾವನ ಹೆಸರು ಹೇಳಿ ಕೃಪಾ ದೀಪ ಹಚ್ಚಿದಳು. ಗಾಳಿಗೆ ಎರಡು ಸಲ ಆರಿತು. ಮೂರನೆಯ ಸಲ ಪುಣೆಯ ಹೆಂಗಸೊಬ್ಬಳು ತನ್ನ ಶಾಲು ಅಡ್ಡ ಹಿಡಿದಳು. ಅಲ್ಲಿಂದ ಮುಂದಕ್ಕೆ ಗೋಸಾಯಿಕುಂಡ, ಹಿಮದ ಸಾಲು, ದಡದಲ್ಲಿ ಸಾಲಾಗಿ ಕಟ್ಟಿದ ಗಂಟೆಗಳು. ಕೃಪಾ ಬೂಟು ಬಿಚ್ಚಿ ನೀರಿಗೆ ಕಾಲಿಟ್ಟಳು. ಚಳಿಗೆ ಕಿರುಚಿದಳು, ನಕ್ಕಳು. ಅಷ್ಟು ಹಗುರಾಗಿ ಅವಳು ಎಷ್ಟೋ ವರ್ಷಗಳಿಂದ ನಕ್ಕಿರಲಿಲ್ಲ. ಪುಣೆಯವರು ಫೋಟೊ ತೆಗೆದರು.

ಇಳಿಯುವಾಗ, ಚಂದನಬಾರಿಗಿಂತ ಮೊದಲೇ ಸಿಗುವ ಚೋಲಂಗಪಾಟಿಯ ಚಹಾದಂಗಡಿಯ ಮುಂದೆ ದಾವಾ ಕೂತಿರುವುದು ದೂರದಿಂದಲೇ ಕಂಡಿತು. ಇವನೇಕೆ ಇನ್ನೂ ಇಲ್ಲಿದ್ದಾನೆ ಎಂದುಕೊಳ್ಳುತ್ತಾ ಅವಳು ಹೆಜ್ಜೆ ಬೇಗ ಹಾಕಿದಳು. ಅವನು ಎದ್ದು ನಿಂತು ಟೋಪಿ ತೆಗೆದ. ಒಳಗೆ ಬೆಂಚಿನ ಮೇಲೆ ಕೌಶಿಕನನ್ನು ಕಂಬಳಿ ಹೊದಿಸಿ ಮಲಗಿಸಿದ್ದರು. ಇಲ್ಲಿಗೆ ಬರುವಷ್ಟರಲ್ಲಿ ಮಾತು ತೊದಲತೊಡಗಿತಂತೆ. ಕೂರಿಸಿದರಂತೆ. ಬೆನ್ನ ಮೇಲೆ ಹೊತ್ತು ಇಳಿಸಲು ಜನ ಸೇರುವಷ್ಟರಲ್ಲಿ ಉಸಿರು ನಿಂತಿತಂತೆ. ಅದು ಅವಳು ನೀರಿನಲ್ಲಿ ಕಾಲಿಟ್ಟು ನಗುತ್ತಿದ್ದ ಹೊತ್ತು.

ಯತೀಶ್ ಕಠ್ಮಂಡುವಿಗೆ ಹಾರಿ ಬಂದ. ಆಸ್ಪತ್ರೆಯ ಶವಾಗಾರದ ಹೊರಗೆ ಕೃಪಾ ಅದೇ ಜಾಕೆಟ್ಟಿನಲ್ಲಿ ಕೂತಿದ್ದಳು. ಅವನು ಎದುರು ಬಂದು ನಿಂತು ಒಂದೇ ಮಾತು ಕೇಳಿದ.

"ನೀವೆಲ್ಲಿದ್ರಿ ಅತ್ತಿಗೆ?"

ಅವಳು ಹೇಳಿದಳು. ಕೌಶಿಕನೇ ಕಳಿಸಿದ್ದು ಎಂದೂ ಹೇಳಿದಳು. ಯತೀಶ್ ಅವಳ ಮುಖವನ್ನು ಬಹಳ ಹೊತ್ತು ನೋಡಿ ಒಳಗೆ ಹೋದ. ಬಾಗಮತಿ ನದಿಯ ದಡದಲ್ಲಿ ಚಿತೆಗೆ ಅವನೇ ಬೆಂಕಿಯಿಟ್ಟ. ವಾಪಸಾಗುವಾಗ ಬ್ಯಾಂಕಾಕಿನ ತನಕ ಒಂದೇ ವಿಮಾನ, ಬೇರೆ ಬೇರೆ ಸಾಲು. ಅಲ್ಲಿಂದ ಅವನು ಮೆಲ್ಬರ್ನ್‌ಗೆ, ಅವಳು ಸಿಡ್ನಿಗೆ.

ಟೂಂಗಾಬಿಯ ಮನೆಗೆ ಜನ ಬಂದರು. ಎದುರು ಬೀದಿಯ ನೀಲಕ್ಕ ಪ್ರತಿದಿನ ಸಾರು ಅನ್ನ ತಂದಿಟ್ಟು, ತಿನ್ನುವ ತನಕ ಎದುರಿಗೆ ಕೂರುತ್ತಿದ್ದರು. ಉಳಿದವರು ಸೋಫಾದ ಅಂಚಿನಲ್ಲಿ ಕೂತು ಹೇಗಾಯಿತು ಎಂದು ಕೇಳುತ್ತಿದ್ದರು. ಮೊದಮೊದಲು ಅವಳು ಎಲ್ಲವನ್ನೂ ಹೇಳಿದಳು. "ಅವರು ಕೆಳಗಿಳಿದರು, ನಾನು ಮೇಲೆ ಹೋಗಿದ್ದೆ" ಎಂಬಲ್ಲಿಗೆ ಬಂದಾಗ ಕೇಳುವವರ ಕಣ್ಣು ಒಮ್ಮೆ ಸರಿಯುವುದನ್ನು ಕಂಡು ಆಮೇಲೆ ಹೇಳುವುದನ್ನು ಬಿಟ್ಟಳು. ಹೊಸ ವರ್ಷದ ಹೊತ್ತಿಗೆ ಬ್ಲ್ಯಾಕ್‌ಟೌನ್‌ನ ಇಂಡಿಯನ್ ಅಂಗಡಿಯಲ್ಲಿ ಅಕ್ಕಿಮೂಟೆಗಳ ಆಚೆಯಿಂದ ಮಾತು ಕೇಳಿಸಿತು.

"ನರ್ಸ್ ಅಂತೆ ಕಣ್ರೀ. ಗಂಡನಿಗೆ ಹಂಗಾಗ್ತಿದ್ರೆ ಬಿಟ್ಟು ಹೋದ್ಲಲ್ಲ, ಫೋಟೊ ಬೇರೆ ತೆಗೆಸ್ಕೊಂಡಿದಾಳಂತೆ."

ದನಿ ಯಾರದೆಂದು ಅವಳಿಗೆ ಗೊತ್ತಾಯಿತು. ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು ಹೊರಬಂದಳು.

ಮೆಲ್ಬರ್ನ್‌ಗೆ ಫೋನ್ ಮಾಡಿದಾಗಲೆಲ್ಲ ಯತೀಶನೇ ಎತ್ತುತ್ತಿದ್ದ. ಅಮ್ಮ ಮಲಗಿದಾರೆ. ಅಮ್ಮ ಸ್ನಾನಕ್ಕೆ ಹೋಗಿದಾರೆ. ಒಂದು ದಿನ ಕೃಪಾ ನೇರವಾಗಿಯೇ ಕೇಳಿದಳು, "ಯತೀಶ್, ಅತ್ತೆಗೆ ಏನಂತ ಹೇಳಿದೀಯ?"

"ನೀವು ಜೊತೇಲಿದ್ರಿ ಅಂತ ಹೇಳಿದೀನಿ. ನಿಮ್ಮ ತೊಡೆ ಮೇಲೆ ತಲೆಯಿಟ್ಟು ಹೋದ ಅಂತ. ಅವರು ಇನ್ನೂ ಬದುಕಬೇಕಲ್ಲ ಅತ್ತಿಗೆ. ಅದನ್ನ ನೀವು ಹಾಳು ಮಾಡಬೇಡಿ."

ಆ ಸುಳ್ಳನ್ನು ಹೊತ್ತು ಅವಳು ಹಲವು ವಾರ ತಿರುಗಾಡಿದಳು. ಕೇರ್ ಹೋಮ್‌ನಲ್ಲಿ ಯಾರಾದರೂ ಮುದುಕರು ಕೊನೆಯುಸಿರೆಳೆಯುವಾಗ ಕೈ ಹಿಡಿದು ಕೂರುವುದು ಅವಳ ಕೆಲಸವೇ ಆಗಿತ್ತು. ಅದೊಂದು ಕೆಲಸವನ್ನು ಈಗ ಅವಳಿಂದ ಮಾಡಲಾಗುತ್ತಿರಲಿಲ್ಲ. ಫೆಬ್ರವರಿಯ ಒಂದು ಶನಿವಾರ ಯಾರಿಗೂ ಹೇಳದೆ ಮೆಲ್ಬರ್ನ್‌ನ ವಿಮಾನ ಹತ್ತಿದಳು.

ಯತೀಶ್ ಮನೆಯಲ್ಲಿರಲಿಲ್ಲ. ಬಾಗಿಲು ತೆರೆದ ಕಾಳಮ್ಮ ಅವಳನ್ನು ತಬ್ಬಿಕೊಂಡು ಅಲ್ಲೇ ಹೊಸಿಲಲ್ಲಿ ಅತ್ತರು. ಮೈ ಹಿಡಿಯಷ್ಟಾಗಿತ್ತು. ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಅವಳ ತೊಡೆಯ ಮೇಲೆ ಕೈಯಿಟ್ಟು ಸವರುತ್ತ, "ಇಲ್ಲೇ ತಾನೇ ಕಣವ್ವ ಮಗ ತಲೆಯಿಟ್ಟಿದ್ದು," ಎಂದರು.

ಕೃಪಾ ಆ ಕೈಯನ್ನು ಹಿಡಿದುಕೊಂಡಳು. "ಇಲ್ಲ ಅತ್ತೆ. ನಾನು ಅಲ್ಲಿರಲಿಲ್ಲ."

ಮೊದಲಿಂದ ಕೊನೆಯ ತನಕ ಹೇಳಿದಳು. ಚಂದನಬಾರಿಯಲ್ಲಿ ಒಂದು ದಿನ ಉಳಿಸಿಕೊಳ್ಳಲಾಗದ್ದು, ಲೌರಿಬಿನಾದ ಬೆಳಗು, ತಿರುವಿನಲ್ಲಿ ಅವನು ಕೈ ಎತ್ತಿದ್ದು, ನೀರಲ್ಲಿ ನಿಂತು ತಾನು ನಕ್ಕದ್ದು. ಕಾಳಮ್ಮ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ಅವ್ನೇ ಹೋಗು ಅಂದ್ನಾ?"

"ಹೂಂ ಅತ್ತೆ. ನೀವು ಬೇಜಾರು ಮಾಡ್ಕೋತೀರಿ ಅಂತ."

"ಅಂದಿರ್ತಾನೆ. ಹಂಗೇ ಅವ್ನು." ಮುದುಕಿ ಕಿಟಕಿಯ ಕಡೆ ನೋಡಿದರು. ಹೊರಗೆ ಬಿಸಿಲಿಗೆ ಹುಲ್ಲು ಒಣಗಿ ಹಳದಿಯಾಗಿತ್ತು. "ನಾನೇ ಅಲ್ವಾ ದೀಪ ದೀಪ ಅಂತ ಬಡ್ಕೊಂಡೋಳು."

"ಹಂಗನ್ಬೇಡಿ."

"ನಿನ್ ಮಾತು ನಂಬ್ತೀನಿ ಕಣವ್ವ. ನೀನು ಸುಳ್ಳಾಡೋಳಲ್ಲ." ಆಮೇಲೆ ಯಾವ ಸಿಟ್ಟೂ ಇಲ್ಲದ ದನಿಯಲ್ಲಿ, "ಆದ್ರೆ ನಾನಾಗಿದ್ರೆ ಹೋಗ್ತಿರ್ಲಿಲ್ಲ," ಎಂದರು.

ಬೈದಿದ್ದರೆ ಕೃಪಾಳಿಗೆ ಅಳುವುದಕ್ಕಾದರೂ ಆಗುತ್ತಿತ್ತು. ಅವಳು "ಗೊತ್ತು ಅತ್ತೆ" ಎಂದಳು. ಕಾಳಮ್ಮ ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಮುದ್ದೆ ತಿರುವುವ ಸದ್ದು ಬಂತು. ತಟ್ಟೆ ತಂದು ಅವಳ ಮುಂದಿಟ್ಟರು. ತಾವು ಎದುರಿಗೆ ಕೂರದೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಬಂದ ಯತೀಶ್ ಅತ್ತಿಗೆಯನ್ನೂ ಮುಚ್ಚಿದ ಬಾಗಿಲನ್ನೂ ನೋಡಿದ. "ಹೇಳಿಬಿಟ್ರಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಾರಿನ ಕೀ ತೆಗೆದುಕೊಂಡ. "ಬನ್ನಿ, ಏರ್‌ಪೋರ್ಟಿಗೆ ಬಿಡ್ತೀನಿ." ಹೊರಡುವ ಮುನ್ನ ಕೃಪಾ ಬಾಗಿಲ ಮೇಲೆ ಮೆಲ್ಲಗೆ ತಟ್ಟಿ "ಬರ್ತೀನಿ ಅತ್ತೆ" ಎಂದಳು. ಒಳಗಿನಿಂದ "ಹೂಂ" ಎಂದಷ್ಟೇ ಬಂತು.

ಫ್ರೀವೇಯಲ್ಲಿ ಟ್ರಾಫಿಕ್ ನಿಂತಿತ್ತು. ಟಲ್ಲಮರೀನ್ ವಿಮಾನ ನಿಲ್ದಾಣ ಹತ್ತಿರವಾದಾಗ ಯತೀಶ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ:

"ರಜೆ ಅವರು ಕ್ಯಾನ್ಸಲ್ ಮಾಡ್ಲಿಲ್ಲ ಅತ್ತಿಗೆ. ಬೇಕಾದ್ರೆ ಹೋಗು ಅಂದಿದ್ರು. ರಿಲೀಸ್ ಟೈಮಲ್ಲಿ ಇಲ್ಲದಿದ್ರೆ ಲೀಡ್ ರೋಲ್ ಇನ್ನೊಬ್ಬನಿಗೆ ಹೋಗ್ತಿತ್ತು, ಅಷ್ಟೆ. ನಾನು ಇದ್ದಿದ್ರೆ ಅವನ ಜೊತೆ ನಾನು ಇಳೀತಿದ್ದೆ. ಹೊತ್ಕೊಂಡು ಓಡ್ತಿದ್ದೆ."

ಈ ನಾಲ್ಕು ತಿಂಗಳೂ ಅವನು ತನ್ನ ಜೊತೆ ನಡೆದುಕೊಂಡ ಬಗೆ ನೆನಪಾಗಿ, ಕೃಪಾಳಿಗೆ ಸಮಾಧಾನದ ಮಾತು ಹುಡುಕುವುದಕ್ಕೆ ಮನಸ್ಸು ಬರಲಿಲ್ಲ. ಡ್ರಾಪ್ ಮಾಡುವ ಜಾಗದಲ್ಲಿ ಇಳಿದು, "ನಿಧಾನಕ್ಕೆ ಓಡಿಸು," ಎಂದಷ್ಟೇ ಹೇಳಿ ಬಾಗಿಲು ಹಾಕಿದಳು.

ಆ ಚಳಿಗಾಲದಲ್ಲಿ ಅವಳು ಟೂಂಗಾಬಿಯ ಮನೆ ಮಾರಿ ಬ್ಲ್ಯಾಕ್‌ಟೌನ್ ಸ್ಟೇಷನ್ನಿನ ಹತ್ತಿರ ಒಂದು ಚಿಕ್ಕ ಫ್ಲ್ಯಾಟ್ ರೆಂಟ್‌ಗೆ ಹಿಡಿದಳು. ಕೇರ್ ಹೋಮ್ ಬಿಟ್ಟು ಒಂದು ಕ್ಲಿನಿಕ್‌ನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿದಳು. ಅಲ್ಲಿ ಬಂದವರೆಲ್ಲ ಐದು ನಿಮಿಷದಲ್ಲಿ ಎದ್ದು ನಡೆದುಕೊಂಡು ಹೋಗುತ್ತಾರೆ. ಕೌಶಿಕನ ವರ್ಷದ ಕಾರ್ಯಕ್ಕೆ ಡ್ಯಾಂಡಿನಾಂಗ್‌ಗೆ ಬನ್ನಿ ಎಂದು ಯತೀಶನಿಂದ ಒಂದು ಮೆಸೇಜ್ ಬಂತು. ಹೋದಳು. ಎಲ್ಲರಿಗೂ ಬಡಿಸಿದಳು. ಕಾಳಮ್ಮ ಅವಳಿಗೆ ಕುಂಕುಮದ ಭರಣಿ ಕೊಡಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದು, ಕೊಟ್ಟರು.

ಈಗಲೂ ಅತ್ತೆ ಸೊಸೆ ಭಾನುವಾರಗಳಂದು ಫೋನ್ ಮಾಡಿಕೊಳ್ಳುತ್ತಾರೆ. ಒಮ್ಮೆ ಇವಳು, ಒಮ್ಮೆ ಅವರು. ಏನು ಅಡುಗೆ, ಅಲ್ಲಿ ಮಳೆಯಾ, ಮಂಡಿ ನೋವು ಹೇಗಿದೆ. ಮಾತು ಮುಗಿದ ಮೇಲೂ ಇಬ್ಬರೂ ಸ್ವಲ್ಪ ಹೊತ್ತು ಫೋನ್ ಹಿಡಿದೇ ಇರುತ್ತಾರೆ. ಆಮೇಲೆ ಕಾಳಮ್ಮ "ಇಡ್ಲಾ ಕಣವ್ವ?" ಎನ್ನುತ್ತಾರೆ. "ಇಡಿ ಅತ್ತೆ," ಎನ್ನುತ್ತಾಳೆ ಇವಳು.