ಕಾದ ಲೋಟ

ಚಂದವ್ವ ಬಾಗಿಲಲ್ಲಿ ನಿಂತಿದ್ದಳು. ಜೀಪಿನಿಂದ ಇಳಿಯುತ್ತಿದ್ದ ಡಾಕ್ಟರ್ ರೇವಣಪ್ಪನನ್ನು ಕಂಡು ಅವಳ ಮುಖ ಬಿಳಿಚಿತು. ಮರುಕ್ಷಣವೇ, ಎಂದೂ ಕಾಣದವರನ್ನು ಕರೆಯುವ ದನಿಯಲ್ಲಿ, "ಬರ್ರಿ, ಒಳಗ ಬರ್ರಿ" ಎಂದಳು.

ತಾನು ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದೇನೆಂದು ಅವನಿಗೆ ತಿಳಿದದ್ದು ಆಗಲೇ. ಅಕ್ಕ ಇಂದ್ರಾಬಾಯಿ ತಾಳಿಕೋಟೆಯಿಂದ ಗಂಡನನ್ನೂ ಮಗನನ್ನೂ ಕರೆದುಕೊಂಡು ಬಂದು, ಸಿಂದಗಿಯ ಅವನ ದವಾಖಾನೆಯ ಮುಂದೆ ಜೀಪು ನಿಲ್ಲಿಸಿ, "ಸೋದರಮಾವನ್ನ ಬಿಟ್ಟು ಹೆಣ್ಣು ನೋಡೂದು ಹ್ಯಾಂಗ? ಹತ್ತು" ಎಂದಿದ್ದಳು. ಊರು ಮೋರಟಗಿ ಎಂದಷ್ಟೇ ಹೇಳಿದ್ದಳು.

ಚಂದವ್ವನ ಮಗಳು ಕಸ್ತೂರೆವ್ವ ಅವನ ರೋಗಿ. ಹೋದ ವರ್ಷದ ಸುಗ್ಗಿಯಿಂದ ತಿಂಗಳಿಗೊಮ್ಮೆ, ಉಳಿದವರೆಲ್ಲ ಹೋದ ಮೇಲೆ, ತಾಯಿ ಮಗಳು ದವಾಖಾನೆಯ ಹಿಂಬಾಗಿಲಿನಿಂದ ಬರುತ್ತಿದ್ದರು. ಬಲ ಮುಂಗೈಯ ಮೇಲೆ ಬಿಳಿಚಿದ ಮಚ್ಚೆ, ಕಿರುಬೆರಳಿನಲ್ಲಿ ಜೋಮು. ಕುಷ್ಠ. ಬೇಗ ಸಿಕ್ಕದ್ದು, ಗುಳಿಗೆಗೆ ಬಗ್ಗುವಂಥದ್ದು, ಇನ್ನೊಬ್ಬರಿಗೆ ಅಂಟುವ ಬಗೆಯದಲ್ಲ. ಊರಿನ ಬಾಯಲ್ಲಿ ಇಂಥ ಭೇದಗಳಿಲ್ಲ. ಅಲ್ಲಿ ಅದು ದೊಡ್ಡ ರೋಗ, ಅಷ್ಟೆ.

ಔಷಧದ ಬ್ಯಾಗನ್ನು ಪಕ್ಕಕ್ಕಿಟ್ಟು ಜಮಖಾನೆಯ ಮೇಲೆ ಕುಳಿತು ಅವನು ಯೋಚಿಸಿದ. ಹೇಳಿದರೆ ಈ ಹುಡುಗಿಯನ್ನು ಈ ತಾಲೂಕಿನಲ್ಲಿ ಯಾರೂ ಮದುವೆಯಾಗುವುದಿಲ್ಲ. ಹೇಳದಿದ್ದರೆ ಸ್ವಂತ ಅಕ್ಕನ ಮಗ ಏನೂ ತಿಳಿಯದೆ ಹಾರ ಹಾಕುತ್ತಾನೆ. ಇವನಿಗೆ ಗೊತ್ತಾಗಬೇಕು, ಆದರೆ ಅವಳ ಬಾಯಿಂದ. ಅವಳು ಒಬ್ಬಳೇ ಇದ್ದಾಗ ಮಾತಾಡಬೇಕು. ಅಲ್ಲಿಯವರೆಗೆ ತನಗೆ ಬಾಯಿಲ್ಲ.

ಕಸ್ತೂರೆವ್ವ ಬಂದಳು. ಉದ್ದ ತೋಳಿನ ಕುಪ್ಪಸ. ಎಲ್ಲರ ಕಾಲಿಗೆ ಬಗ್ಗಿ ಕೊನೆಗೆ ಅವನ ಬಳಿ ಬಂದಳು. ಎಬ್ಬಿಸಲೆಂದು ಅವನು ಅವಳ ಬಲ ಮೊಣಕೈ ಹಿಡಿದ. ಹಿಡಿದದ್ದಷ್ಟೇ ಅವನ ಇಚ್ಛೆ. ಬೆರಳು ತಾನಾಗಿ ಮೊಣಕೈಯ ಹಿಂದಿನ ಕುಳಿಗೆ ಜಾರಿ, ಅಲ್ಲಿನ ನರವನ್ನು ಪ್ರತಿ ತಿಂಗಳಿನಂತೆ ಒತ್ತಿ ನೋಡಿತು. ರೋಗದಿಂದ ಹಗ್ಗದಂತೆ ದಪ್ಪಗಿದ್ದದ್ದು ಮೆತ್ತಗಾಗಿತ್ತು, ಗುಳಿಗೆ ಹಿಡಿಸಿತ್ತು. ಅವನು ನಕ್ಕುಬಿಟ್ಟ.

"ಹೆಣ್ಣು ನೋಡು ಅಂತ ಕರಕೊಂಡು ಬಂದರ ನಮ್ಮ ಡಾಕ್ಟರ ನಾಡಿ ನೋಡಾಕತ್ತಾನಲ್ಲ" ಎಂದು ಭಾವ ಚಂದಪ್ಪ ನಗಾಡಿದ. ಮಗ ಸೋಮನಿಂಗನೂ ನಕ್ಕ. ಅವನ ಕಣ್ಣು ಹುಡುಗಿಯನ್ನು ಬಿಟ್ಟಿರಲಿಲ್ಲ.

ಇಂದ್ರಾಬಾಯಿ ನಗಲಿಲ್ಲ. ಆ ಬೆರಳು ಅವಳಿಗೆ ಗೊತ್ತಿತ್ತು. ಓದು ಮುಗಿಸಿ ಬಂದ ಮೇಲೆ ರೇವಣಪ್ಪ ಅಪ್ಪನ ಮೊಣಕೈಯನ್ನು ಹೀಗೇ ಒತ್ತುತ್ತಿದ್ದ. ಅಪ್ಪ ಒಲೆಯ ಮೇಲಿನ ಕಾದ ಹಂಚನ್ನು ಬರಿಗೈಯಲ್ಲಿ ಇಳಿಸಿ, ಚರ್ಮ ಅಂಟಿಕೊಂಡರೂ ಹುಬ್ಬು ಗಂಟಿಕ್ಕದೆ ನಿಂತಿದ್ದನ್ನು ಕಂಡವಳು ಅವಳು.

ಚಹಾ ಬಂತು. ಇಂದ್ರಾಬಾಯಿ ಕಪ್ಪು ಮುಟ್ಟಲಿಲ್ಲ. ಕಿಟ್ಲಿಯಿಂದ ಹಿತ್ತಾಳೆಯ ಲೋಟಕ್ಕೆ ಕುದಿಯುವ ಚಹಾ ಬಗ್ಗಿಸಿ, ಸೆರಗಿನಿಂದ ಹಿಡಿದು ಮುಂದೆ ಚಾಚಿದಳು.

"ಹಿಡಿಯವ್ವ. ಬಲಗೈಲೆ. ಎಷ್ಟು ಕಲ್ತೀದಿ?"

"ಏಳನೇತ್ತರಿ."

"ರೊಟ್ಟಿ ಬಡಿತೀ?"

"ಹೂಂರಿ."

"ಎಮ್ಮಿ ಹಿಂಡೂದು?"

"ಬರ್ತೈತ್ರಿ."

ಲೋಟ ಅವಳ ಅಂಗೈಯಲ್ಲಿತ್ತು. ಬೆರಳುಗಳು ಸುತ್ತಿಕೊಂಡಿದ್ದವು. ಹಬೆ ಏಳುತ್ತಿತ್ತು. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಇಂದ್ರಾಬಾಯಿ ಮತ್ತೊಂದು ಪ್ರಶ್ನೆ ಕೇಳಿದಳು, ಆದರೆ ಅವಳು ನೋಡುತ್ತಿದ್ದದ್ದು ಬೆರಳುಗಳನ್ನು.

ರೇವಣಪ್ಪ ಲೋಟವನ್ನೇ ನೋಡುತ್ತಿದ್ದ. ಸ್ಪರ್ಶವಿಲ್ಲದ ಚರ್ಮ ಬೇಯುತ್ತದೆ. ನಾಳೆ ಬೊಬ್ಬೆ, ಆಮೇಲೆ ಹುಣ್ಣು, ಬೆರಳು ಮೊಂಡು. ಮಾತಾಡಿದರೆ ಗುಟ್ಟು ಹೋಗುತ್ತದೆ, ಸುಮ್ಮನಿದ್ದರೆ ಕೈ ಹೋಗುತ್ತದೆ. ಯಾವುದೋ ನೆಪ ಹುಡುಕಿದ. ಸಿಗಲಿಲ್ಲ. ಎದ್ದು ಲೋಟ ಕಿತ್ತುಕೊಂಡ. ಚಹಾ ಅವನ ಪ್ಯಾಂಟಿನ ಮೇಲೆ ಚೆಲ್ಲಿತು.

ಇಂದ್ರಾಬಾಯಿ ಹುಡುಗಿಯನ್ನು ಬಿಟ್ಟು ತಮ್ಮನ ಮುಖ ನೋಡಿದಳು. ನೋಡಿ, ಸೆರಗು ಸರಿಮಾಡಿಕೊಂಡಳು.

"ನಿಮ್ಮ ಬೆಡಗು ಯಾವುದಂದ್ರಿ, ಅಕ್ಕಾರ?"

ಚಂದವ್ವ ತಮ್ಮ ಗೋತ್ರದ ಹೆಸರನ್ನು ಮೆಲ್ಲಗೆ ಹೇಳಿದಳು.

"ಅಯ್ಯ, ನಮ್ಮದೂ ಅದ ಐತಿ. ಒಂದ ಬೆಡಗಂದ್ರ ಇಬ್ರೂ ಅಣ್ಣ ತಂಗಿ ಆದರು. ಮೊದಲ ಕೇಳಬೇಕಿತ್ತು, ತಪ್ಪು ನಮ್ಮದು."

"ನಮ್ಮದೆಲ್ಲಿ..." ಎಂದು ಚಂದಪ್ಪ ಬಾಯಿ ತೆರೆದ.

"ನಿಮಗೇನು ಗೊತ್ತು, ಸುಮ್ಮಕೂಡ್ರಿ."

ಜೀಪಿನ ಬಳಿ ರೇವಣಪ್ಪ ಅಕ್ಕನ ಪಕ್ಕ ನಿಂತ. "ನಾ ಏನೂ ಹೇಳಿಲ್ಲ, ಅಕ್ಕಾ."

"ನೀ ಹೇಳಬೇಕಾಗಿತ್ತೇನು? ನಿನ್ನ ಕೈ ಹೇಳ್ತು."

"ಅಪ್ಪಂದು ನಿನ್ನ ಅತ್ತಿಮನ್ಯಾಗ ಹೇಳಿದ್ದೇನು ನೀನು?"

ಇಂದ್ರಾಬಾಯಿ ಜೀಪಿನೊಳಗೆ ಕುಳಿತಿದ್ದ ಗಂಡನ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದಳು. "ಅದಕ್ಕ ಬೆಡಗು ಅಂದೆ. ರೋಗ ಅಂದೆನೇನು? ಆ ಹುಡುಗಿ ಹೆಸರು ಉಳಿಸೇನಿ. ನನ್ನ ಮಗನೂ ಉಳಿಬೇಕಲ್ಲ, ತಮ್ಮಾ."

"ಬ್ಯಾಗ ಮರೆತೇನಿ" ಎಂದು ಅವನು ತಿರುಗಿದ. ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದ.

ಕಸ್ತೂರೆವ್ವ ಬಚ್ಚಲಲ್ಲಿ ಕುಳಿತು ಅದೇ ಲೋಟ ತೊಳೆಯುತ್ತಿದ್ದಳು.

"ಕೈ ತೋರಿಸವ್ವ. ಸುಟ್ಟಿರತೈತಿ. ನಿನಗ ಗೊತ್ತಾಗಿಲ್ಲ."

"ಗೊತ್ತಾಗಿತ್ತರಿ."

ಅವನಿಗೆ ಅರ್ಥವಾಗಲಿಲ್ಲ.

"ಹಿರೇರು ಹಿಡಿ ಅಂದ್ರು. ಕೆಳಗಿಟ್ಟರ ಹುಡುಗಿ ನಾಜೂಕು ಅಂದಾರು ಅಂತ ತಡಕೊಂಡಿದ್ದೆ. ಕಿರಿಬೆರಳಿಗೂ ಸುಡಾಕತ್ತಿತ್ತು." ಅವಳು ಲೋಟಕ್ಕೆ ಬೂದಿ ಹಚ್ಚುತ್ತಲೇ ಇದ್ದಳು. "ಸುಡ್ತಲ್ಲ ಅಂತ ಒಳಗೊಳಗ ಖುಷಿ ಆಗಿತ್ತರಿ. ಈ ಸಲ ಬಂದಾಗ ನಿಮಗ ಹೇಳೂದಿತ್ತು."

ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು: ಸುಡ್ತೈತೇನವ್ವ? ಯಾರಾದರೂ ಕೇಳಬಹುದಾದ ಮಾತು. ಅದು ಅವನಿಗೆ ಹೊಳೆಯಲೇ ಇಲ್ಲ. ಅವನು ಕಂಡದ್ದು ರೋಗವನ್ನು.

"ಗುಳಿಗಿ ಬಿಡಬ್ಯಾಡ. ಬಿಟ್ಟರ ತಿರುಗಿ ಬರತೈತಿ" ಎಂದ.

"ನಿಮ್ಮ ದವಾಖಾನಿಗೆ ಬರೂದಿಲ್ಲರಿ."

"ಇಂಡಿಯೊಳಗ ನನ್ನ ಗೆಳೆಯ ಒಬ್ಬ ಡಾಕ್ಟರ ಅದಾನ. ಒಳ್ಳೆಯವ."

"ಅವರಿಗೂ ಅಕ್ಕ ಇರ್ತಾರಲ್ಲರಿ."

ಹೊರಗೆ ಜೀಪಿನ ಹಾರ್ನ್ ಕೇಳಿಸಿತು. ನಡುಮನೆಯಲ್ಲಿ ಚಂದವ್ವ ಬಂದುಹೋಗುವ ನೆರೆಮನೆಯವರಿಗೆ ಬೆಡಗಿನ ಕತೆ ಹೇಳುತ್ತಿದ್ದಳು. ದನಿ ಗಟ್ಟಿಯಾಗಿತ್ತು. ರೇವಣಪ್ಪ ಬ್ಯಾಗಿನಲ್ಲಿದ್ದ ಗುಳಿಗೆಯ ಪೊಟ್ಟಣವನ್ನು ತೆಗೆದು ಬಚ್ಚಲಿನ ಕಟ್ಟೆಯ ಮೇಲಿಟ್ಟ. ಅವಳು ಕೈಚಾಚಲಿಲ್ಲ. ಅವನು ಹೊಸ್ತಿಲವರೆಗೆ ಹೋಗಿ ತಿರುಗಿ ನೋಡಿದ.

ನೆರೆಯವಳೊಬ್ಬಳು ನೀರು ಕೇಳುತ್ತ ಬಚ್ಚಲ ಕಡೆ ಬರುತ್ತಿದ್ದಳು. ಕಸ್ತೂರೆವ್ವ ತಲೆ ಎತ್ತದೆ, ತೊಳೆದ ಲೋಟವನ್ನು ಆ ಪೊಟ್ಟಣದ ಮೇಲೆ ಬೋರಲು ಹಾಕಿದಳು.