ಸೊರಗಿದ ಗಾಳಿ, ಸೊರಗದ ನೀರು

ಅಜ್ಜಿಯ ಹಾಸಿಗೆ, ಮಾತೆ ಮರಿಯಳ ಪ್ರತಿಮೆ, ಐಸ್ ಪೆಟ್ಟಿಗೆಯ ತುಂಬ ಸಿಗಡಿ, ಎಲ್ಲ ಟ್ರಕ್ಕಿಗೆ ಏರಿ ಆಗಿತ್ತು. ಅಜ್ಜಿಯ ತಮ್ಮ ಥಿಯೊಫಿಲ್ ಅಜ್ಜನನ್ನು ಹೊರಡಿಸುವುದಕ್ಕೇ ಬೆಳಗಿನಿಂದ ಹೆಣಗಿದ್ದೆವು. ಜೀವಮಾನವೆಲ್ಲ ಸಿಗಡಿ ದೋಣಿ ನಡೆಸಿದವರು. ಎಷ್ಟೋ ಚಂಡಮಾರುತಗಳನ್ನು ತಮ್ಮ ಜಗಲಿಯಲ್ಲೇ ಕೂತು ಕಳೆದವರು. ಕೊನೆಗೆ ಅಜ್ಜಿ ಅತ್ತದ್ದಕ್ಕೆ ಚೀಲ ಹಿಡಿದು ಬಂದು ನನ್ನ ಪಕ್ಕ ಕೂತರು.

ಆಗಲೇ ರೇಡಿಯೊ ಹೇಳಿತು: ಲೂಯಿಸಿಯಾನಾ ದಡ ಹತ್ತಿರವಾದಂತೆ ಚಂಡಮಾರುತ ದುರ್ಬಲವಾಗಿದೆ, ಐದನೇ ದರ್ಜೆಯಿಂದ ಮೂರಕ್ಕೆ ಇಳಿದಿದೆ.

ಅಜ್ಜಿಯ ಮಗ ಅಲ್ಸೀಡ್ ಮಾವ ಎಂಜಿನ್ ಆರಿಸಿದ. ಅಜ್ಜ ಆಗಲೇ ಕೆಳಗಿಳಿದಿದ್ದರು.

“ನೋಡಿದ್ಯಾ ಅಕ್ಕ, ನಮ್ಮೂರಿನ ವಾಸನೆ ಬಡಿದ ಕೂಡ್ಲೆ ಅದಕ್ಕೂ ಕೈಕಾಲು ಸೋತಿದೆ. ಇಳಿ, ಗಂಬೊ ಸಾರು ಮಾಡು.”

ರೇಡಿಯೊ ಹೇಳಿದ್ದು ಸುಳ್ಳಲ್ಲ. ದಡದ ಒಣಗಾಳಿ ಒಳಹೊಕ್ಕಾಗ, ಅಡಿಯ ತಣ್ಣನೆ ನೀರು ಕಲಕಿ ಮೇಲೆ ಬಂದಾಗ, ಚಂಡಮಾರುತಕ್ಕೆ ಉಣ್ಣಲು ಬಿಸಿ ಸಾಲದೆ ಸೊರಗುತ್ತದೆ. ಆದರೆ ಬಲವಿದ್ದಾಗ ಅದು ತಳ್ಳಿ ಎಬ್ಬಿಸಿದ ನೀರು ಅಷ್ಟು ಬೇಗ ಸೊರಗುವುದಿಲ್ಲ. ಕಾಲೇಜಿನಲ್ಲಿ ಇದನ್ನೇ ಪುಟಗಟ್ಟಲೆ ಬರೆದಿದ್ದೆ. ಊಟದ ಮೇಜಿನಲ್ಲಿ ಉಪ್ಪು ಕೇಳಲೂ ಹಿಂಜರಿಯುವ ನನಗೆ, ಇವರ ಮುಂದೆ ಅದರಲ್ಲೊಂದು ಸಾಲೂ ಬಾಯಿಗೆ ಬರಲಿಲ್ಲ. ಅಜ್ಜ ತಮ್ಮ ಮನೆಯ ಮೆಟ್ಟಿಲು ಹತ್ತತೊಡಗಿದರು. ಹೇಗೋ ಇಳಿದು ಓಡಿಹೋಗಿ ಅವರ ತೋಳು ಹಿಡಿದೆ.

“ಅಜ್ಜ, ತುಂಬಿದ ದೋಣೀನ ಜೋರಾಗಿ ಓಡಿಸ್ತಾ ಥಟ್ಟಂತ ಎಂಜಿನ್ ನಿಲ್ಸಿದ್ರೆ ಏನಾಗುತ್ತೆ?”

“ದೋಣಿ ನಿಲ್ಲುತ್ತೆ. ಅದೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಒಳಗೆ ನುಗ್ಗುತ್ತೆ. ಪೆದ್ದ ಮಾತ್ರ ಹಂಗೆ ನಿಲ್ಲಿಸ್ತಾನೆ.”

“ಗಾಳಿ ಈಗ ಎಂಜಿನ್ ನಿಲ್ಸಿದೆ, ಅಷ್ಟೆ.”

ಅಜ್ಜ ಮನೆಯೆದುರಿನ ಕಾಲುವೆಯ ಕಡೆ ನೋಡಿದರು. ಒಂದು ಹನಿ ಮಳೆ ಬಿದ್ದಿರಲಿಲ್ಲ. ನೀರು ಆಗಲೇ ದೋಣಿಕಟ್ಟೆಯ ಹಲಗೆ ಮುಟ್ಟಿತ್ತು. ತಿರುಗಿ ಬಂದು ಟ್ರಕ್ ಹತ್ತಿದರು.

“ಈ ಮೂಗಿ ಹುಡುಗಿಗೆ ನಾಲಿಗೆ ಇದೆ ಅಂತ ನಂಗ್ಯಾರೂ ಹೇಳಿರ್ಲಿಲ್ಲ. ನಡಿಯೋ ಅಲ್ಸೀಡ್.”

ದಾರಿಯುದ್ದಕ್ಕೂ ಅಜ್ಜಿ ಜಪಮಾಲೆ ಎಣಿಸುತ್ತಿದ್ದರು.

ನೀರು ಇಳಿದ ಮೇಲೆ ಮರಳಿದೆವು. ಅಜ್ಜನ ಮನೆಯ ಛಾವಣಿಯ ಒಂದು ತಗಡೂ ಎದ್ದಿರಲಿಲ್ಲ. ಒಳಗೆ ಗೋಡೆಯ ಮೇಲಿನ ಕೆಸರಿನ ಗೆರೆ ಅವರು ಕೈ ಎತ್ತಿದರೂ ಎಟುಕದಷ್ಟು ಮೇಲಿತ್ತು. ಅವರು ಮಲಗುತ್ತಿದ್ದ ಮಂಚ ಅಡುಗೆಮನೆಗೆ ತೇಲಿಬಂದು ಮಗುಚಿ ಬಿದ್ದಿತ್ತು. ಅದನ್ನು ನೋಡುತ್ತ ನಿಂತೇ ಇದ್ದರು.

ಅಜ್ಜ ಬಗ್ಗಿ ಮಂಚದ ಒಂದು ತುದಿ ಹಿಡಿದರು. ಇನ್ನೊಂದು ತುದಿಯನ್ನು ನಾನು ಹಿಡಿದೆ.