ಸತ್ತೆವ್ವ ಹೆಸರು ಹಿಡಿದು ಕರೆದದ್ದು

ಶಿರಗುಪ್ಪಿಯ ವಾಚನಾಲಯಕ್ಕೆ ಮಲಕಾರಿಯ ಹೆಸರಿಡುವ ದಿನ ಅವನ ಹೆಂಡತಿ ಸತ್ತೆವ್ವನನ್ನು ವೇದಿಕೆಯ ಮೇಲೆ ಕೂಡಿಸಿ, ತಲೆಗೆ ಕೇಸರಿ ಫೇಟಾ ಸುತ್ತಿ, ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟರು. ಸಂಭ್ರಮಕ್ಕೇನೂ ಕಡಿಮೆ ಇರಲಿಲ್ಲ. ಅವಳ ಕಣ್ಣು ಮಾತ್ರ ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಗಂಡನ ಫೋಟೋ ಬಿಟ್ಟು ಕದಲಲಿಲ್ಲ. ಮಲಕಾರಿ ತೀರಿಕೊಂಡು ವರ್ಷ ಕಳೆದಿತ್ತು. ಅವಳಿಗೆ ಅವನು ಬೇಕಾಗಿದ್ದ, ನಿನ್ನೆಗಿಂತ ಇವತ್ತು ಹೆಚ್ಚು ಬೇಕಾಗಿದ್ದ.

ಭಾಷಣಗಳು ಕನ್ನಡದಲ್ಲಿ ಒಂದಿಷ್ಟು, ಮರಾಠಿಯಲ್ಲಿ ಒಂದಿಷ್ಟು ನಡೆದವು. ಅಪ್ಪ ಮಾಡಿದ ಸಾಲಕ್ಕೆ ಮಲಕಾರಿ ಹುಡುಗನಾಗಿದ್ದಾಗಲೇ ಧಣಿಯ ಕೊಟ್ಟಿಗೆಯಲ್ಲಿ ಜೀತಕ್ಕೆ ಬಿದ್ದದ್ದು, ಬಿಡುಗಡೆಯಾದ ಮೇಲೆ ಅಕ್ಷರ ಕಲಿತು ತನ್ನ ಕಥೆಯನ್ನು ಪುಸ್ತಕ ಮಾಡಿದ್ದು, ಸೈಕಲ್ ತುಳಿದು ಅಥಣಿ, ರಾಯಬಾಗದ ಊರೂರು ಸುತ್ತಿ ಜೀತದವರನ್ನು ಬಿಡಿಸಿದ್ದು, ಎಲ್ಲವೂ ಬಂತು. ಅವನ ಸೈಕಲ್ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದವರೇ ಈಗ ಮೈಕು ಬಿಡಲೊಲ್ಲರು. ಇರಲಿ, ಹೊಗಳಲಿ ಪಾಪ.

ಸತ್ತೆವ್ವನನ್ನು ಕೊರೆಯುತ್ತಿದ್ದದ್ದು ಬೇರೆಯೇ. ಆ ಕೊಟ್ಟಿಗೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆದವರಲ್ಲ. ‘ಲೇ’ ಅಂದರೆ ಎತ್ತೂ ತಿರುಗುತ್ತಿತ್ತು, ಅವನೂ ತಿರುಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳನ್ನು ಕೇಳಿದ್ದ.

“ನೀನರ ನನ್ನ ಹೆಸರ ಹಿಡದು ಕರಿ.”

“ಗಂಡನ ಹೆಸರ ಹಿಡದ್ರ ಮಂದಿ ಏನಂತಾರ? ನಾ ಒಲ್ಲೆ,” ಎಂದು ನಕ್ಕು ಒಳಗೆ ಹೋಗಿದ್ದಳು.

ಮದುವೆಯ ದಿನ ಹೆಂಗಸರ ಕಾಟಕ್ಕೆ ಪ್ರಾಸದ ಒಡಪು ಕಟ್ಟಿ ಅದರೊಳಗೆ ಅವನ ಹೆಸರು ಹೇಳಿದ್ದೇನೋ ಹೌದು. ಅದು ಹೇಳಿದ್ದು, ಕರೆದದ್ದಲ್ಲ. ಆಮೇಲೆ “ಏನ್ರಿ”, “ಇಲ್ಲಿ ಕೇಳ್ರಿ” ಎಂಬುದರಲ್ಲೇ ಸಂಸಾರ ಸಾಗಿತು. ತಲೆ ನೆರೆತ ಮೇಲೂ ಅವನು ಆಗೊಮ್ಮೆ ಈಗೊಮ್ಮೆ ಕೇಳುತ್ತಿದ್ದ, ಅವಳು ಆಗಲೂ ನಾಚುತ್ತಿದ್ದಳು. ಕರೆದರಾಯಿತು, ಎಲ್ಲಿಗೆ ಹೋಗುತ್ತಾನೆ ಅಂದುಕೊಂಡಿದ್ದಳು ಹುಚ್ಚಿ.

ಕಾರ್ಯಕ್ರಮ ನಡೆಸುತ್ತಿದ್ದ ಶೇಡಬಾಳದ ಶಾಲೆಯ ಚಂದ್ರಮತಿ ಟೀಚರು ಮೈಕು ತಂದು ಅವಳ ಮುಂದೆ ಹಿಡಿದರು.

“ಆಯಿ, ಅವರ ಬಗ್ಗೆ ಎರಡ ಮಾತ ಹೇಳ್ರಿ.”

“ಅವರ ಬಗ್ಗೆ ಎಲ್ಲಾರೂ ಹೇಳ್ಯಾರಲ್ರಿ ಬಾಯಾರ. ನಾ ಅವರ್ನ ಕರೀಬೇಕಾಗೇತಿ.”

ಚಂದ್ರಮತಿಗೆ ತಿಳಿಯಲಿಲ್ಲ. ಆದರೂ ಮೈಕು ಹಿಂದೆ ಸರಿಸಲಿಲ್ಲ. ಸತ್ತೆವ್ವ ಎದ್ದು ನಿಂತಳು. ಫೋಟೋದ ಕಡೆ ತಿರುಗಿ ಕರೆದಳು.

“ಮಲಕಾರೀ...”

ಕಬ್ಬಿನ ಹೊಲದೊಳಗಿದ್ದವನನ್ನು ಬದುವಿನ ಮೇಲೆ ನಿಂತು ಊಟಕ್ಕೆ ಕರೆಯುವ ದನಿ ಅದು. ಸಭೆ ಒಂದು ಗಳಿಗೆ ಬೆರಗಾಯಿತು. ಆಮೇಲೆ ಮುಂದಿನ ಸಾಲಿನಿಂದ ಚಪ್ಪಾಳೆ ಎದ್ದಿತು, ಹಿಂದಿನವರೂ ತಟ್ಟತೊಡಗಿದರು. ಸತ್ತೆವ್ವ ಕೈ ಎತ್ತಿ ಎಲ್ಲರನ್ನೂ ತಡೆದಳು.

“ಸ್ವಲ್ಪ ಸುಮ್ಮನಿರ್ರಿ,” ಎಂದಳು. “ಅವ್ರು ಓ ಅಂದ್ರ ನನಗ ಕೇಳಸಬೇಕಲ್ರಿ.”